33 ಅಂಕಗಳ ಸೋಲು, ಹತ್ತು ವಾರಗಳ ನಂತರದ ಚಿನ್ನ: ಕಿರಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು ಹೇಗೆ ನೋಡಬೇಕು?

2025ರ ಜುಲೈ 6. ಸ್ವಿಟ್ಜರ್‌ಲ್ಯಾಂಡಿನ ಲೊಸಾನ್ ನಗರ. 19 ವರ್ಷದೊಳಗಿನ ಹುಡುಗರ ಬ್ಯಾಸ್ಕೆಟ್‌ಬಾಲ್ ವಿಶ್ವಕಪ್ ಫೈನಲ್. ಅಮೆರಿಕ 109, ಜರ್ಮನಿ 76. ಫೈನಲ್ ಅಂದರೆ ಕೊನೆಯ ನಿಮಿಷದವರೆಗೂ ಉಸಿರು ಬಿಗಿಹಿಡಿದು ನೋಡಬೇಕು ಅಂತ ಕಾದು ಕೂತವರಿಗೆ ಖಂಡಿತ ನಿರಾಸೆ ಆಗಿರುತ್ತದೆ. 33 ಅಂಕಗಳ ಅಂತರ ಸಣ್ಣದಲ್ಲ.

ಅಲ್ಲಿಂದ ಸರಿಯಾಗಿ ಹತ್ತು ವಾರ ಕಳೆಯಿತು. ಸೆಪ್ಟೆಂಬರ್ 14ರಂದು ಲಾಟ್ವಿಯಾದ ರಿಗಾದಲ್ಲಿ ಜರ್ಮನಿಯ ಹಿರಿಯರ ತಂಡ ಟರ್ಕಿಯನ್ನು 88–83ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆಯಿತು. ಮುಖ್ಯ ಕೋಚ್ ಆಲೆಕ್ಸ್ ಮುಂಬ್ರು ಟೂರ್ನಿಯ ಹೊತ್ತಿಗೆ ಅನಾರೋಗ್ಯಕ್ಕೆ ಒಳಗಾಗಿದ್ದರು. ಹಾಗಾಗಿ ಪಂದ್ಯ ನಡೆಸುವ ಹೊಣೆ ಹೆಚ್ಚಾಗಿ ಅವರ ಸಹಾಯಕರ ಮೇಲೆ ಬಿತ್ತು. ಅವರ ಹೆಸರು ಆಲನ್ ಇಬ್ರಾಹಿಮಗಿಚ್. ಲೊಸಾನ್‌ನಲ್ಲಿ ಹುಡುಗರ ಜೊತೆ ನಿಂತು 33 ಅಂಕಗಳಿಂದ ಸೋತವರು ಇವರೇ.

ಈ ಎರಡು ಸಂಜೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ಒಂದು ದೇಶದ ಕಿರಿಯರ ತಂಡ ಗೆದ್ದರೆ ಅಥವಾ ಸೋತರೆ ಅದರಿಂದ ನಮಗೆ ನಿಜವಾಗಿ ತಿಳಿಯುವುದೇನು? ಪದಕ ಬಂದ ಕೂಡಲೇ "ಇನ್ನು ಹತ್ತು ವರ್ಷ ನಮ್ಮದೇ" ಅನ್ನುವವರಿದ್ದಾರೆ. ಸೋತ ಕೂಡಲೇ "ನಮ್ಮ ವ್ಯವಸ್ಥೆಯೇ ಸರಿ ಇಲ್ಲ" ಅನ್ನುವವರೂ ಇದ್ದಾರೆ. ನನ್ನ ಪ್ರಕಾರ ಇಬ್ಬರೂ ನೋಡುತ್ತಿರುವುದು ತಪ್ಪು ಜಾಗವನ್ನು. ಕಿರಿಯರ ತಂಡದ ಬೆಲೆ ಗೊತ್ತಾಗುವುದು 19ನೇ ವಯಸ್ಸಿನ ನಂತರದ ಮೂರು ನಾಲ್ಕು ವರ್ಷಗಳಲ್ಲಿ. ಆ ವರ್ಷಗಳೇ ಈಗ ದೊಡ್ಡದಾಗಿ ಬದಲಾಗುತ್ತಿವೆ. ಈ ಲೇಖನ ಬರೆಯಲು ಅದೇ ಕಾರಣ.

ಸೋತರೂ ಏಳು ಪಂದ್ಯ

ಮೊದಲು ಟೂರ್ನಿ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ನೋಡೋಣ. ವಿಶ್ವ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾ ಈ ವಿಶ್ವಕಪ್ಪನ್ನು 1979ರಲ್ಲಿ ಬ್ರೆಜಿಲ್‌ನಲ್ಲಿ ಶುರುಮಾಡಿತು. ಮೊದಲು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿತ್ತು. 2007ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. 17 ವರ್ಷದೊಳಗಿನವರ ವಿಶ್ವಕಪ್ 2010ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಆರಂಭವಾಯಿತು. 19ರ ವಿಶ್ವಕಪ್‌ಗೆ ಬರಬೇಕಾದರೆ ಹಿಂದಿನ ವರ್ಷ ತಮ್ಮ ಖಂಡದ 18 ವರ್ಷದೊಳಗಿನವರ ಟೂರ್ನಿಯಲ್ಲಿ ಮೇಲಿನ ಸ್ಥಾನ ಪಡೆಯಬೇಕು. ಜರ್ಮನಿ 2024ರಲ್ಲಿ ಫಿನ್‌ಲ್ಯಾಂಡಿನ ಟಾಂಪೆರೆಯಲ್ಲಿ ಯುರೋಪಿನ ಆ ಟೂರ್ನಿಯನ್ನೇ ಗೆದ್ದು ಬಂದಿತ್ತು.

ವಿಶ್ವಕಪ್‌ನಲ್ಲಿ 16 ತಂಡಗಳು, ನಾಲ್ಕು ಗುಂಪುಗಳು. ವಿಶೇಷ ಏನೆಂದರೆ ಗುಂಪಿನ ಹಂತದಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. ಮೂರೂ ಪಂದ್ಯ ಸೋತ ತಂಡವೂ ಹದಿನಾರರ ಘಟ್ಟಕ್ಕೆ ಬರುತ್ತದೆ. ಅಲ್ಲಿ ಸೋತರೆ ಒಂಬತ್ತರಿಂದ ಹದಿನಾರರವರೆಗಿನ ಸ್ಥಾನಕ್ಕಾಗಿ ಆಡುತ್ತದೆ. ಕೊನೆಗೆ ಎಲ್ಲ ತಂಡಕ್ಕೂ ಏಳು ಪಂದ್ಯ ಸಿಗುತ್ತವೆ. ಒಂಬತ್ತು ದಿನದಲ್ಲಿ ಏಳು ಪಂದ್ಯ! ಹಿರಿಯರ ಟೂರ್ನಿಯಲ್ಲಿ ಇಷ್ಟು ಬಿಗಿಯಾದ ವೇಳಾಪಟ್ಟಿ ಇರುವುದಿಲ್ಲ. ಹುಡುಗರಿಗೆ ಆಟ ಸಿಗಲಿ, ಬೇರೆ ಬೇರೆ ಶೈಲಿಯ ತಂಡಗಳ ಎದುರು ನಿಲ್ಲುವ ಅಭ್ಯಾಸ ಆಗಲಿ ಅನ್ನುವುದು ಈ ರಚನೆಯಲ್ಲೇ ಇದೆ. ಅಂದರೆ ಟೂರ್ನಿ ಮಾಡಿದವರೇ ಇದನ್ನು ಕಲಿಕೆಯ ಜಾಗ ಅಂತ ಭಾವಿಸಿದ್ದಾರೆ. ಪದಕದ ಪಟ್ಟಿ ಮಾತ್ರ ನೋಡುವವರು ನಾವು.

ಆದರೆ ಕೋಚ್‌ಗಳ ಮೇಲೆ ಗೆಲುವಿನ ಒತ್ತಡ ಇಲ್ಲ ಅಂತಲ್ಲ. ಯುರೋಪಿನಲ್ಲಿ ಕಿರಿಯರ ಟೂರ್ನಿಗಳಿಗೂ ಎ, ಬಿ, ಸಿ ಅಂತ ದರ್ಜೆಗಳಿವೆ. ಎ ದರ್ಜೆಯಲ್ಲಿ ಕೊನೆಯ ಸ್ಥಾನಗಳಿಗೆ ಜಾರಿದ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಇಳಿದರೆ ಮುಂದಿನ ಬ್ಯಾಚಿನ ಹುಡುಗರಿಗೆ ಬಲವಾದ ಎದುರಾಳಿಗಳೇ ಸಿಗುವುದಿಲ್ಲ. ವಿಶ್ವಕಪ್ ದಾರಿಯೂ ಮುಚ್ಚುತ್ತದೆ. ಹೀಗಿರುವಾಗ ಒಂದು ಕಷ್ಟದ ಪಂದ್ಯದಲ್ಲಿ ಕೋಚ್ ಯಾರನ್ನು ಆಡಿಸುತ್ತಾನೆ? ಇವತ್ತು ಗಟ್ಟಿಯಾಗಿರುವವನನ್ನು. ಮೂರು ವರ್ಷದ ಮೇಲೆ ಒಳ್ಳೆಯವನಾಗುವ, ಇವತ್ತು ಸಣಕಲಾಗಿರುವ ಹುಡುಗ ಬೆಂಚಿನ ಮೇಲೆ ಉಳಿಯುತ್ತಾನೆ. ಕೋಚನ್ನು ದೂರುವುದು ಸುಲಭ. ಆ ಜಾಗದಲ್ಲಿ ನಿಂತವರಿಗೆ ಅದು ನಿಜವಾಗಿಯೂ ಕಷ್ಟದ ಲೆಕ್ಕ.

ಬೆಂಚಿನ ಮೇಲಿದ್ದವರ ಕಥೆ

ಹಿಂದಿನ ಟೂರ್ನಿಗಳನ್ನು ತೆಗೆದು ನೋಡಿದರೆ ಕಿರಿಯರ ಗೆಲುವು ಹಿರಿಯರ ಗೆಲುವಾದ ಉದಾಹರಣೆಗಳು ಇವೆ. ಎಲ್ಲಕ್ಕಿಂತ ದೊಡ್ಡದು 1987ರದು. ಇಟಲಿಯ ಬೋರ್ಮಿಯೊದಲ್ಲಿ ಯುಗೊಸ್ಲಾವಿಯಾದ ಹುಡುಗರು ಒಂದೇ ಟೂರ್ನಿಯಲ್ಲಿ ಅಮೆರಿಕವನ್ನು ಎರಡು ಸಲ ಸೋಲಿಸಿದರು. ಗುಂಪಿನ ಪಂದ್ಯದಲ್ಲಿ ಟೋನಿ ಕುಕೋಚ್ 12 ಸಲ ಮೂರಂಕದ ಹೊಡೆತಕ್ಕೆ ಯತ್ನಿಸಿ 11 ಸಲ ಬುಟ್ಟಿಗೆ ಹಾಕಿದರು. ಫೈನಲ್ 86–76. ವ್ಲಾಡೆ ಡಿವಾಟ್ಸ್, ಡಿನೊ ರಾಡ್ಜಾ, ಅಲೆಕ್ಸಾಂಡರ್ ಜೋರ್ಜೆವಿಚ್ ಎಲ್ಲ ಅದೇ ತಂಡದವರು. ಮರುವರ್ಷ ಸೋಲ್ ಒಲಿಂಪಿಕ್ಸ್‌ನಲ್ಲಿ ದೇಶಕ್ಕೆ ಬೆಳ್ಳಿ ಬಂತು. 1989ರಲ್ಲಿ ಯುರೋಪಿನ ಚಿನ್ನ, 1990ರಲ್ಲಿ ವಿಶ್ವ ಚಾಂಪಿಯನ್ ಪಟ್ಟ, 1991ರಲ್ಲಿ ಮತ್ತೆ ಯುರೋಪಿನ ಚಿನ್ನ. ಬೋರ್ಮಿಯೊದ ಹುಡುಗರು ಆ ತಂಡಗಳ ಬೆನ್ನೆಲುಬಾಗಿದ್ದರು. ಆಮೇಲೆ ದೇಶವೇ ಒಡೆಯಿತು.

ಆ ಹುಡುಗರ ಕೋಚ್ ಸ್ವೆತಿಸ್ಲಾವ್ ಪೆಶಿಚ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1999ರಲ್ಲಿ ಲಿಸ್ಬನ್‌ನಲ್ಲಿ ಸ್ಪೇನ್ ಅಮೆರಿಕವನ್ನು 94–87ರಿಂದ ಸೋಲಿಸಿ ಗೆದ್ದಿತು. ಸ್ಪೇನ್‌ನಲ್ಲಿ ಆ ಬ್ಯಾಚನ್ನು ಇವತ್ತಿಗೂ "ಚಿನ್ನದ ಜೂನಿಯರ್‌ಗಳು" ಅಂತ ಕರೆಯುತ್ತಾರೆ. ತಂಡದ ತಾರೆ ಹುವಾನ್ ಕಾರ್ಲೋಸ್ ನವಾರೊ. ಅದೇ ತಂಡದಲ್ಲಿ ತೆಳ್ಳಗೆ, ಉದ್ದಕ್ಕೆ ಇನ್ನೊಬ್ಬ ಹುಡುಗ ಇದ್ದ. ಅವನು ಬದಲಿ ಆಟಗಾರ. ಹೆಸರು ಪೌ ಗಸೋಲ್. ಎರಡು ವರ್ಷದ ನಂತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಅವನು ಮೂರನೆಯವನಾಗಿ ಆಯ್ಕೆಯಾದ. ಮುಂದೆ ಎರಡು ಎನ್‌ಬಿಎ ಪ್ರಶಸ್ತಿ ಗೆದ್ದ.

2013ರಲ್ಲಿ ಪ್ರಾಗ್‌ನಲ್ಲಿ ಸರ್ಬಿಯಾ ಫೈನಲ್‌ಗೆ ಬಂದು ಅಮೆರಿಕದ ಎದುರು 82–68ರಿಂದ ಸೋತಿತು. ಆ ಸರ್ಬಿಯಾ ತಂಡದಲ್ಲಿ ಎಲ್ಲರ ಕಣ್ಣು ಇದ್ದದ್ದು ವಾಸಿಲಿಯೆ ಮಿತ್ಸಿಚ್ ಮೇಲೆ. ಅವರು ನಿಜಕ್ಕೂ ದೊಡ್ಡ ಆಟಗಾರರೇ ಆದರು. ಆದರೆ ಹೆಚ್ಚು ಯಾರೂ ಗಮನಿಸದ ಇನ್ನೊಬ್ಬ ದಪ್ಪಗಿನ ಹುಡುಗನೂ ಅಲ್ಲೇ ಇದ್ದ. ಅವನೇ ನಿಕೋಲಾ ಯೋಕಿಚ್. ಮರುವರ್ಷದ ಡ್ರಾಫ್ಟ್‌ನಲ್ಲಿ 41ನೆಯವನಾಗಿ ಆಯ್ಕೆಯಾದವನು, ಆಮೇಲೆ ಮೂರು ಸಲ ಎನ್‌ಬಿಎಯ ಅತ್ಯುತ್ತಮ ಆಟಗಾರನಾದ.

ಇದರ ಇನ್ನೊಂದು ಮುಖವೂ ಇದೆ. 2023ರಲ್ಲಿ ಹಂಗೇರಿಯ ಡೆಬ್ರೆಸೆನ್‌ನಲ್ಲಿ ಸ್ಪೇನ್ ಫ್ರಾನ್ಸನ್ನು ಹೆಚ್ಚುವರಿ ಅವಧಿಯಲ್ಲಿ 73–69ರಿಂದ ಸೋಲಿಸಿ ಚಾಂಪಿಯನ್ ಆಯಿತು. ಟೂರ್ನಿಯ ಶ್ರೇಷ್ಠ ಆಟಗಾರ ಇಸಾನ್ ಅಲ್ಮಾನ್ಸಾ. ಕಿರಿಯರ ಮಟ್ಟದಲ್ಲಿ ಅವನಷ್ಟು ಗೌರವ ಪಡೆದವರು ಕಡಿಮೆ. 2025ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಅವನ ಹೆಸರು ಬರಲೇ ಇಲ್ಲ. ಅವನ ವೃತ್ತಿ ಇನ್ನೂ ಶುರುವಿನಲ್ಲಿದೆ, ಹಾಗಾಗಿ ಇದನ್ನು ಸೋಲು ಅನ್ನಲು ನಾನು ಸಿದ್ಧನಿಲ್ಲ. ಆದರೆ 19ನೇ ವಯಸ್ಸಿನಲ್ಲಿ ಕಂಡ ಕ್ರಮಾಂಕ 22ರಲ್ಲಿ ಹಾಗೇ ಉಳಿಯುವುದಿಲ್ಲ ಅನ್ನುವುದಕ್ಕೆ ಗಸೋಲ್, ಯೋಕಿಚ್, ಅಲ್ಮಾನ್ಸಾ ಮೂವರೂ ಸಾಕ್ಷಿ.

ಮಾಲಿ ದೇಶದ ಕಥೆಯಂತೂ ನನ್ನನ್ನು ತುಂಬಾ ಕಾಡುತ್ತದೆ. 2019ರಲ್ಲಿ ಗ್ರೀಸ್‌ನ ಹೆರಾಕ್ಲಿಯನ್‌ನಲ್ಲಿ ಮಾಲಿಯ ಹುಡುಗರು ವಿಶ್ವಕಪ್ ಫೈನಲ್‌ಗೆ ಬಂದರು. ಈ ಟೂರ್ನಿಯ ಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಅದು. ಅಮೆರಿಕದ ಎದುರು 93–79ರಿಂದ ಸೋತರೂ ಜಗತ್ತು ಎದ್ದು ನಿಂತು ನೋಡಿತು. ಆಮೇಲೆ? ಆ ದೇಶದ ಹಿರಿಯರ ತಂಡ ಒಮ್ಮೆಯೂ ವಿಶ್ವಕಪ್ ಆಡಿಲ್ಲ. ಖಂಡದ ಮಟ್ಟದಲ್ಲಿ ಫೈನಲ್ ತಲುಪಲು 2025ರ ಆಫ್ರೋಬ್ಯಾಸ್ಕೆಟ್‌ವರೆಗೆ ಕಾಯಬೇಕಾಯಿತು. ಅಲ್ಲಿ ಅಂಗೋಲಾ ಎದುರು ಸೋಲಾಯಿತು. ಹುಡುಗರಲ್ಲಿ ಕೊರತೆ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಅವರು 19 ದಾಟಿದ ಮೇಲೆ ಕಾಲಿಡಲು ದೇಶದಲ್ಲಿ ಗಟ್ಟಿಯಾದ ವೃತ್ತಿಪರ ಲೀಗ್ ಬೇಕಿತ್ತು. ಆ ಮೆಟ್ಟಿಲು ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ದೇಶಕ್ಕೆ ಚದುರುತ್ತಾರೆ. ಒಟ್ಟಿಗೆ ಕಲಿತದ್ದು ಒಟ್ಟಿಗೆ ಬೆಳೆಯುವುದಿಲ್ಲ.

ಕೆನಡಾ ಹಿರಿಯರ ಪದಕಕ್ಕೂ ಸಮಯ ಹಿಡಿಯಿತು. 2017ರಲ್ಲಿ ಕೈರೊದಲ್ಲಿ 17 ವರ್ಷದ ಆರ್‌ಜೆ ಬ್ಯಾರೆಟ್ ಒಬ್ಬನೇ 38 ಅಂಕ ಗಳಿಸಿ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು ಮಣಿಸಿದ. ಫೈನಲ್‌ನಲ್ಲಿ ಇಟಲಿಯನ್ನು ಸೋಲಿಸಿ ಕೆನಡಾ ಚಾಂಪಿಯನ್ ಆಯಿತು. ಆರು ವರ್ಷದ ನಂತರ ಮನಿಲಾದ ವಿಶ್ವಕಪ್‌ನಲ್ಲಿ ಕೆನಡಾದ ಹಿರಿಯರ ತಂಡ ಅಮೆರಿಕವನ್ನೇ ಸೋಲಿಸಿ ಕಂಚು ಗೆದ್ದಾಗ ಬ್ಯಾರೆಟ್ ಅಲ್ಲಿದ್ದ. ಹನ್ನೆರಡು ಹುಡುಗರ ಒಂದು ತಂಡದಿಂದ ಒಬ್ಬರೋ ಇಬ್ಬರೋ ಹಿರಿಯರ ತಂಡದ ಆಧಾರಸ್ತಂಭ ಆದರೆ ಅದು ಒಳ್ಳೆಯ ಫಸಲು. 1987, 1999ರಂಥ ಬ್ಯಾಚುಗಳು ಅಪರೂಪ.

ಮೈ ಬೇಗ ಬೆಳೆಯುತ್ತದೆ, ಆಟ ನಿಧಾನ

ಕಿರಿಯರ ಪಂದ್ಯದ ಅಂಕಪಟ್ಟಿ ನಮ್ಮನ್ನು ಯಾಕೆ ದಾರಿ ತಪ್ಪಿಸುತ್ತದೆ? ಮುಖ್ಯ ಕಾರಣ ಮೈ. 16–17ರ ವಯಸ್ಸಿನಲ್ಲಿ ಒಬ್ಬ ಹುಡುಗ ಗಂಡಸಿನಂತೆ ಇರುತ್ತಾನೆ, ಪಕ್ಕದವನು ಇನ್ನೂ ಬಾಲಕ. ಜಿಗಿತ, ಓಟ, ಭುಜದ ಬಲ ಮುಂದಿರುವ ತಂಡ ಪೂರ್ತಿ ಅಂಕಣದಲ್ಲಿ ಪ್ರೆಸ್ ಹಾಕಿ, ಅಂದರೆ ಎದುರಾಳಿಗೆ ಅಂಟಿಕೊಂಡು ಒತ್ತಡ ಹೇರಿ, ಚೆಂಡು ಕಸಿಯುತ್ತದೆ, ಸುಲಭದ ಬುಟ್ಟಿ ಹಾಕುತ್ತದೆ. ಹತ್ತು ನಿಮಿಷದಲ್ಲಿ 20 ಅಂಕಗಳ ಮುನ್ನಡೆ! ಆದರೆ ಹಿರಿಯರ ಮಟ್ಟದಲ್ಲಿ ಇದೇ ಪ್ರೆಸ್ ಅಷ್ಟು ಕೆಲಸ ಮಾಡುವುದಿಲ್ಲ. ಚೆಂಡು ನಡೆಸುವ ಅನುಭವಿ ಗಾರ್ಡ್ ಎರಡೇ ಪಾಸಿನಲ್ಲಿ ಅದನ್ನು ಒಡೆದು ಹಾಕುತ್ತಾನೆ. ಅಂದರೆ ಹುಡುಗರ ಮಟ್ಟದಲ್ಲಿ ಪಂದ್ಯ ಗೆಲ್ಲಿಸುವ ಅಸ್ತ್ರ ಮುಂದೆ ಸವೆದುಹೋಗುವ ಅಸ್ತ್ರ.

ಇದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. 17 ವರ್ಷದೊಳಗಿನವರ ವಿಶ್ವಕಪ್ ಶುರುವಾದಂದಿನಿಂದ 2024ರವರೆಗೆ ಪ್ರತಿ ಸಲವೂ ಅಮೆರಿಕವೇ ಗೆದ್ದಿದೆ. ಒಂದೇ ಒಂದು ಪಂದ್ಯವನ್ನೂ ಸೋತಿಲ್ಲ. 2024ರ ಇಸ್ತಾನ್‌ಬುಲ್ ಫೈನಲ್‌ನಲ್ಲಿ ಇಟಲಿಯ ಎದುರು ಗೆದ್ದದ್ದು 129–88ರಿಂದ. ಎರಡೇ ವರ್ಷ ದೊಡ್ಡವರಾದ ಹುಡುಗರ ಟೂರ್ನಿಗೆ ಬನ್ನಿ. ಅಲ್ಲಿ ಅಮೆರಿಕ 2007ರಲ್ಲಿ ಸರ್ಬಿಯಾಗೆ, 2011ರಲ್ಲಿ ರಷ್ಯಾಗೆ, 2017ರಲ್ಲಿ ಕೆನಡಾಗೆ, 2023ರಲ್ಲಿ ಫ್ರಾನ್ಸ್‌ಗೆ ನಿರ್ಣಾಯಕ ಪಂದ್ಯಗಳಲ್ಲಿ ಸೋತಿದೆ. 2021ರ ರಿಗಾ ಫೈನಲ್‌ನಲ್ಲಿ ಫ್ರಾನ್ಸ್ ಎದುರು ಗೆದ್ದದ್ದು ಬರೀ 83–81ರಿಂದ. ಅವತ್ತು ಫ್ರಾನ್ಸ್ ಪರ ಆಡಿದ 17 ವರ್ಷದ ವಿಕ್ಟರ್ ವೆಂಬನ್ಯಾಮಾ ಐದನೇ ಫೌಲ್ ಆಗಿ ಹೊರಗೆ ಹೋಗಬೇಕಾಯಿತು. ಅವನು ಕೊನೆಯವರೆಗೆ ಉಳಿದಿದ್ದರೆ ಏನಾಗುತ್ತಿತ್ತೋ! ಇನ್ನು ಹಿರಿಯರ ವಿಶ್ವಕಪ್‌ನಲ್ಲಿ ಅಮೆರಿಕ 2019ರಲ್ಲಿ ಏಳನೇ ಸ್ಥಾನ, 2023ರಲ್ಲಿ ನಾಲ್ಕನೇ ಸ್ಥಾನ.

ನಿಜ, ಅಮೆರಿಕದ ದೊಡ್ಡ ಎನ್‌ಬಿಎ ತಾರೆಗಳು ವಿಶ್ವಕಪ್‌ಗೆ ಬರುವುದು ಕಡಿಮೆ. 19ರ ಮಟ್ಟದಲ್ಲೂ ಅವರ ಅತ್ಯುತ್ತಮ ಹುಡುಗರೆಲ್ಲ ಬರುವುದಿಲ್ಲ. ಆ ವಿನಾಯಿತಿ ಕೊಟ್ಟ ಮೇಲೂ ಒಂದು ದಿಕ್ಕು ಕಾಣುತ್ತದೆ. ವಯಸ್ಸು ಏರಿದಂತೆ ಅಂತರ ಇಳಿಯುತ್ತದೆ. ಯುರೋಪಿನ ಹುಡುಗರು 16, 18, 20 ಅಂತ ಪ್ರತಿ ಬೇಸಿಗೆ ಅದೇ ಗೆಳೆಯರ ಜೊತೆ, ಹೆಚ್ಚೂಕಡಿಮೆ ಅದೇ ಆಟದ ಪದ್ಧತಿಯಲ್ಲಿ ಆಡುತ್ತಾರೆ. ಅಮೆರಿಕದ ತಂಡ ಕೆಲವೇ ವಾರ ಮೊದಲು ಕೂಡುತ್ತದೆ. ಕೂಡಿ ಕಲಿತದ್ದು ಮೈ ಬಲವನ್ನು ನಿಧಾನವಾಗಿ ಹಿಡಿಯುತ್ತಾ ಬರುತ್ತದೆ.

ಹುಟ್ಟಿದ ತಿಂಗಳೂ ಒಂದು ಸಮಸ್ಯೆಯೇ. ಫೀಬಾ ವಯಸ್ಸನ್ನು ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ ನೋಡುತ್ತದೆ. 2025ರ ವಿಶ್ವಕಪ್‌ಗೆ 2006ರ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕಿತ್ತು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಬ್ಯಾಚು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ವ್ಯತ್ಯಾಸ ಅಂದರೆ ಎಷ್ಟೋ ಇಂಚು ಎತ್ತರ, ಅಲ್ವಾ? ಹಾಗಾಗಿ ಆಯ್ಕೆ ಶಿಬಿರಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇರುತ್ತಾರೆ. ಇದು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾತ್ರವಲ್ಲ, ಫುಟ್‌ಬಾಲ್, ಐಸ್ ಹಾಕಿಯಲ್ಲೂ ಮತ್ತೆ ಮತ್ತೆ ಕಂಡುಬಂದ ಸಂಗತಿ. ಡಿಸೆಂಬರಿನ ಹುಡುಗನನ್ನು ಯಾರೂ ಬೇಕಂತಲೇ ಬಿಡುವುದಿಲ್ಲ. ಅವನು ಸುಮ್ನೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ನನಗೆ ಇದು ಈ ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯಗಳಲ್ಲಿ ಒಂದು ಅನ್ನಿಸುತ್ತದೆ.

ಹತ್ತೊಂಬತ್ತರ ಆಚೆಯ ಸೇತುವೆ

ಈಗ ಮುಖ್ಯ ವಿಷಯಕ್ಕೆ ಬರೋಣ. 19 ಮುಗಿದ ಮೇಲೆ ಹುಡುಗನಿಗೆ ಏನು ಸಿಗುತ್ತದೆ? ಮೊದಲು 21 ವರ್ಷದೊಳಗಿನವರ ವಿಶ್ವ ಟೂರ್ನಿ ಇತ್ತು. ಅದು 2005ರಲ್ಲಿ ಅರ್ಜೆಂಟೀನಾದಲ್ಲಿ ಕೊನೆಯ ಸಲ ನಡೆಯಿತು. ಲಿಥುವೇನಿಯಾ ಗೆದ್ದಿತ್ತು. ಆಮೇಲೆ ಅದು ನಿಂತೇಹೋಯಿತು. ಯುರೋಪಿನಲ್ಲಿ 20 ವರ್ಷದೊಳಗಿನವರ ಟೂರ್ನಿ ಒಂದಿದೆ. ಅದನ್ನು ದಾಟಿದರೆ ಸೀದಾ ಹಿರಿಯರು.

ಯುರೋಪಿನ ದೊಡ್ಡ ಕ್ಲಬ್ಬಿನಲ್ಲಿ 19ರ ಹುಡುಗನಿಗೆ ಸಂಬಳ ಸಿಗುತ್ತಿತ್ತು, ದೊಡ್ಡ ಆಟಗಾರರ ಜೊತೆ ಅಭ್ಯಾಸ ಸಿಗುತ್ತಿತ್ತು. ಆಟದ ನಿಮಿಷ ಮಾತ್ರ ಸಿಗುತ್ತಿರಲಿಲ್ಲ. ಪ್ರತಿ ವಾರ ಗೆಲ್ಲಲೇಬೇಕಾದ ಕೋಚ್ 30 ವರ್ಷದ ಅನುಭವಿಯನ್ನೇ ನಂಬುತ್ತಾನೆ. ಹುಡುಗರು ಎರಡನೇ ದರ್ಜೆಯ ಲೀಗಿಗೆ ಸಾಲವಾಗಿ ಹೋಗಿ ಆಡಿ ಬರುತ್ತಿದ್ದರು. ನಿಧಾನದ ದಾರಿ, ಆದರೆ ದಾರಿ ಇತ್ತು.

ಈ ಚಿತ್ರವನ್ನು ಅಮೆರಿಕದ ಕಾಲೇಜುಗಳು ಬದಲಿಸಿವೆ. 2021ರ ಜುಲೈವರೆಗೆ ಅಲ್ಲಿನ ಕಾಲೇಜು ಆಟಗಾರ ತನ್ನ ಹೆಸರು, ಚಿತ್ರ ಬಳಸಿ ದುಡ್ಡು ಮಾಡುವಂತಿರಲಿಲ್ಲ. ಆಗ ಆ ನಿಯಮ ಸಡಿಲವಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಅಂತಾಯಿತು. 2025–26ರಲ್ಲಿ ಒಂದು ಕಾಲೇಜು ತನ್ನ ಎಲ್ಲ ಆಟಗಳಿಗೆ ಸೇರಿ ಕೊಡಬಹುದಾದ ಮಿತಿ 2.05 ಕೋಟಿ ಡಾಲರ್. ಯುರೋಪಿನ ಬಹುತೇಕ ಕ್ಲಬ್ಬುಗಳು 19ರ ಹುಡುಗನಿಗೆ ಈ ಮಟ್ಟದ ಹಣದ ಎದುರು ನಿಲ್ಲಲಾರವು.

ಹಾಗಾಗಿ ಹುಡುಗರು ಆ ಕಾಲೇಜುಗಳಿಗೆ ಹೊರಟರು. ಬಾರ್ಸಿಲೋನಾದಿಂದ ಕಾಸ್ಪರಸ್ ಯಾಕುಚಿಯೋನಿಸ್ ಇಲಿನಾಯ್‌ಗೆ, ರಿಯಲ್ ಮ್ಯಾಡ್ರಿಡ್‌ನಿಂದ ಎಗೋರ್ ದ್ಯೋಮಿನ್ ಬ್ರಿಗಮ್ ಯಂಗ್‌ಗೆ 2024ರಲ್ಲಿ ಹೋದರು. 2025ರಲ್ಲಿ ಬಾರ್ಸಿಲೋನಾದ ಡೇಮ್ ಸಾರ್ ಡ್ಯೂಕ್‌ಗೆ, ಮಲಗಾದ ಮಾರಿಯೊ ಸೇಂಟ್ ಸುಪೆರಿ ಗೊಂಜಾಗಾಗೆ. ಲೊಸಾನ್‌ನಲ್ಲಿ ಆಡಿದ ಜರ್ಮನಿ ತಂಡವನ್ನೇ ನೋಡಿ. ರಿಬೌಂಡ್‌ಗಳನ್ನು, ಅಂದರೆ ಬುಟ್ಟಿಗೆ ಬೀಳದೆ ಮರಳಿದ ಚೆಂಡುಗಳನ್ನು, ಬಾಚಿಕೊಂಡ ಹಾನೆಸ್ ಸ್ಟೈನ್‌ಬಾಖ್ ವೂರ್ಟ್ಸ್‌ಬುರ್ಗ್ ಕ್ಲಬ್ಬಿನಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋದ. ಗಾರ್ಡ್ ಕ್ರಿಸ್ಟಿಯನ್ ಆಂಡರ್ಸನ್ ಆಗಲೇ ಟೆಕ್ಸಸ್ ಟೆಕ್‌ನಲ್ಲಿದ್ದ. ಅಂದರೆ ಆ ವರ್ಷ ತಂಡದ ಎರಡು ಕಂಬಗಳೂ ಅಮೆರಿಕದ ಕಾಲೇಜಿನಲ್ಲಿದ್ದವು.

ಹುಡುಗರನ್ನು ನಾನು ದೂರುವುದಿಲ್ಲ. ಅಲ್ಲಿ 30 ನಿಮಿಷ ಆಟ ಸಿಗುತ್ತದೆ, ಮೈ ಕಟ್ಟಲು ಬೇಕಾದ ಸೌಲಭ್ಯ ಇದೆ, ಓದೂ ನಡೆಯುತ್ತದೆ, ಮನೆಗೆ ದುಡ್ಡು ಬರುತ್ತದೆ. ಕ್ಲಬ್ಬಿನ ಬೆಂಚಿನ ಮೇಲೆ ಎರಡು ವರ್ಷ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಜರ್ಮನಿಯ ಫ್ರಾಂಜ್ ವಾಗ್ನರ್ ಹಣದ ಈ ಕಾಲಕ್ಕೂ ಮೊದಲೇ, 2019ರಲ್ಲಿ, ಬರ್ಲಿನ್‌ನಿಂದ ಮಿಷಿಗನ್‌ಗೆ ಹೋಗಿದ್ದರು. ನಾಲ್ಕೇ ವರ್ಷದಲ್ಲಿ ವಿಶ್ವ ಚಾಂಪಿಯನ್ ತಂಡದಲ್ಲಿದ್ದರು. ಕಾಲೇಜು ಅಂದರೆ ರಾಷ್ಟ್ರೀಯ ತಂಡಕ್ಕೆ ನಷ್ಟ ಅಂತ ಕಣ್ಣುಮುಚ್ಚಿ ಹೇಳಲಾಗದು.

ತೊಂದರೆ ಇರುವುದು ಬೇರೆ ಕಡೆ. ಒಂದು, ಹುಡುಗನನ್ನು ಹತ್ತು ಹನ್ನೆರಡನೇ ವಯಸ್ಸಿನಿಂದ ಬೆಳೆಸಿದ ಕ್ಲಬ್ಬು. ಕ್ಲಬ್ಬಿನಿಂದ ಕ್ಲಬ್ಬಿಗೆ ಹೋದರೆ ತರಬೇತಿಯ ಪರಿಹಾರ ಕೇಳಲು ಫೀಬಾ ನಿಯಮ ಇದೆ. ಅಮೆರಿಕದ ಕಾಲೇಜುಗಳು ಆ ನಿಯಮದ ಹೊರಗಿವೆ. ಸಣ್ಣ ಊರಿನ ಕ್ಲಬ್ಬೊಂದು ಏಳೆಂಟು ವರ್ಷ ಖರ್ಚು ಮಾಡಿ ಒಬ್ಬನನ್ನು ತಯಾರು ಮಾಡಿ ಬರಿಗೈಯಲ್ಲಿ ಬೀಳ್ಕೊಟ್ಟರೆ, ಮುಂದಿನ ಹುಡುಗನ ಮೇಲೆ ಯಾವ ಧೈರ್ಯದಿಂದ ಖರ್ಚು ಮಾಡೀತು? ಕಿರಿಯರ ರಾಷ್ಟ್ರೀಯ ತಂಡಗಳು ನಿಂತಿರುವುದು ಇಂಥ ಕ್ಲಬ್ಬುಗಳ ಬೆನ್ನ ಮೇಲೆ. ಈ ಪರಿಹಾರದ ವಿಷಯ ಬಗೆಹರಿಯಲೇಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ಹುಡುಗನ ದಾರಿಗೆ ಅಡ್ಡ ಬಾರದೆ ಕ್ಲಬ್ಬಿಗೂ ಒಂದು ಪಾಲು ಸಿಗುವ ಏರ್ಪಾಡು ಮಾಡುವುದು ಅಸಾಧ್ಯದ ಕೆಲಸವೇನಲ್ಲ.

ಎರಡನೆಯದು ಕ್ಯಾಲೆಂಡರ್. ಇದರ ಬಗ್ಗೆ ಅಷ್ಟು ಮಾತು ನಡೆಯುತ್ತಿಲ್ಲ. 2017ರಿಂದ ಹಿರಿಯರ ಅರ್ಹತಾ ಪಂದ್ಯಗಳು ನವೆಂಬರ್ ಮತ್ತು ಫೆಬ್ರವರಿಯಲ್ಲೂ ನಡೆಯುತ್ತವೆ. ಆಗ ಎನ್‌ಬಿಎ ಆಟಗಾರರು ಬರುವುದಿಲ್ಲ, ದೊಡ್ಡ ಕ್ಲಬ್ಬಿನವರೂ ಕಷ್ಟ. ಆ ಖಾಲಿ ಜಾಗದಲ್ಲೇ 20–21ರ ಹುಡುಗರಿಗೆ ಹಿರಿಯರ ಅಂಗಿ ತೊಡುವ ಮೊದಲ ಅವಕಾಶ ಸಿಗುತ್ತಿತ್ತು. ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ನವೆಂಬರಿನಿಂದ ಏಪ್ರಿಲ್ ಶುರುವಿನವರೆಗೆ. ಸರಿಯಾಗಿ ಅದೇ ಹೊತ್ತು! ಬೇಸಿಗೆಯ ಕಿರಿಯರ ಟೂರ್ನಿಗಳಿಗೂ ಕಾಲೇಜಿನ ತಯಾರಿ ಶಿಬಿರ ಅಡ್ಡ ಬರುತ್ತದೆ. ಲಕ್ಷಾಂತರ ಡಾಲರ್ ಕೊಡುವ ಕೋಚ್ "ಜುಲೈಯಲ್ಲಿ ಇಲ್ಲೇ ಇರು" ಅಂದರೆ 19ರ ಹುಡುಗ ಇಲ್ಲ ಅನ್ನುವುದು ಸುಲಭವೇ?

ಕೆಲವು ದೇಶಗಳು ಎದ್ದು ಕೂತಿವೆ. ಸ್ಪೇನ್ 2025–26ರಲ್ಲಿ 22 ವರ್ಷದೊಳಗಿನವರಿಗಾಗಿಯೇ ಹೊಸ ಲೀಗ್ ಶುರುಮಾಡಿತು. ನಿಮಿಷ ಸಿಗುವುದಿಲ್ಲ ಅನ್ನುವ ದೂರಿಗೆ ಅದು ನೇರ ಉತ್ತರ. ಹಣದ ವಿಷಯದಲ್ಲಿ ಅಮೆರಿಕದ ಎದುರು ನಿಲ್ಲಲು ಅದೊಂದೇ ಸಾಲದು. ಆದರೆ ದಿಕ್ಕು ಸರಿ.

ಜರ್ಮನಿ ಮಾಡಿದ್ದು

ಜರ್ಮನಿಯ ಬೆಳವಣಿಗೆ ಒಂದೇ ರಾತ್ರಿಯಲ್ಲಿ ಆದದ್ದಲ್ಲ. 2019ರ ವಿಶ್ವಕಪ್‌ನಲ್ಲಿ ಅವರ ಹಿರಿಯರ ತಂಡ 18ನೇ ಸ್ಥಾನದಲ್ಲಿತ್ತು. 2022ರಲ್ಲಿ ಯುರೋಪಿನ ಕಂಚು, 2023ರಲ್ಲಿ ವಿಶ್ವ ಚಾಂಪಿಯನ್, 2025ರಲ್ಲಿ ಯುರೋಪಿನ ಚಿನ್ನ. ಇದರ ಬೇರು ಇನ್ನೂ ಹಿಂದಿದೆ. 2006ರಲ್ಲಿ 19 ವರ್ಷದೊಳಗಿನವರಿಗೆ, 2009ರಲ್ಲಿ 16 ವರ್ಷದೊಳಗಿನವರಿಗೆ ದೇಶಮಟ್ಟದ ಲೀಗ್ ಶುರುವಾಯಿತು. 2012ರಿಂದ ಹಿರಿಯರ ಲೀಗಿನಲ್ಲಿ ಹನ್ನೆರಡು ಮಂದಿಯ ತಂಡದಲ್ಲಿ ಆರು ಮಂದಿ ಜರ್ಮನಿಯವರೇ ಇರಬೇಕು ಅನ್ನುವ ನಿಯಮ ಬಂತು. ಹುಡುಗನಿಗೆ ಮೆಟ್ಟಿಲು ಕಾಣತೊಡಗಿತು.

ಜೊತೆಗೆ ಕೋಚ್‌ಗಳು. ಬೋರ್ಮಿಯೊದಲ್ಲಿ ಗೆದ್ದ ಪೆಶಿಚ್ ನೆನಪಿದ್ದಾರಲ್ಲ? ಅವರು ಅದೇ 1987ರಲ್ಲಿ ಜರ್ಮನಿಗೆ ಬಂದರು. 1993ರಲ್ಲಿ ಆ ದೇಶಕ್ಕೆ ಯುರೋಪಿನ ಮೊದಲ ಚಿನ್ನ ತಂದುಕೊಟ್ಟರು. ಆಮೇಲೆ ಬರ್ಲಿನ್‌ನ ಆಲ್ಬಾ ಕ್ಲಬ್ಬನ್ನು ಏಳು ವರ್ಷ ನಡೆಸಿದರು. ವಾಗ್ನರ್ ಸಹೋದರರು ಬೆಳೆದದ್ದು ಅದೇ ಕ್ಲಬ್ಬಿನಲ್ಲಿ. 2023ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿ ಸರ್ಬಿಯಾವನ್ನು 83–77ರಿಂದ ಸೋಲಿಸಿದಾಗ ಎದುರಾಳಿ ಬೆಂಚಿನಲ್ಲಿ ಕೋಚ್ ಆಗಿ ನಿಂತಿದ್ದವರು ಇದೇ ಪೆಶಿಚ್.

ಇಬ್ರಾಹಿಮಗಿಚ್ ವರ್ಷಗಟ್ಟಲೆ ಜರ್ಮನಿಯ ಕಿರಿಯರ ಜೊತೆ ಇದ್ದವರು. ಹುಡುಗ 17ರಲ್ಲಿ ಯಾವ ಭಾಷೆಯಲ್ಲಿ ಡಿಫೆನ್ಸ್ ಕಲಿತನೋ 21ರಲ್ಲಿ ಹಿರಿಯರ ಶಿಬಿರಕ್ಕೆ ಬಂದಾಗ ಅದೇ ಭಾಷೆ, ಅದೇ ಮುಖ. ಲೊಸಾನ್‌ನ ಬೆಳ್ಳಿ ಜರ್ಮನಿಗೆ ಈ ಟೂರ್ನಿಯಲ್ಲಿ ಸಿಕ್ಕ ಮೊದಲ ಪದಕ. ಆದರೆ ಆ ಪದಕಕ್ಕಿಂತ, ಹತ್ತು ವಾರದ ನಂತರ ಅದೇ ಕೋಚ್ ರಿಗಾದಲ್ಲಿ ತಡವರಿಸದೆ ತಂಡ ನಡೆಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಕಿರಿಯರ ತಂಡ, ಹಿರಿಯರ ತಂಡ ಅಂತ ಎರಡು ಮನೆ ಮಾಡದೆ ಒಂದೇ ಮನೆಯ ಎರಡು ಕೋಣೆ ಮಾಡಿದ್ದರ ಫಲ ಅದು.

ಲೊಸಾನ್‌ನಲ್ಲಿ ಕಂಚು ಗೆದ್ದ ಸ್ಲೊವೇನಿಯಾದ ಜನಸಂಖ್ಯೆ ಸುಮಾರು 21 ಲಕ್ಷ. ಅಷ್ಟು ಸಣ್ಣ ದೇಶದಲ್ಲಿ ಒಬ್ಬೊಬ್ಬ ಹುಡುಗನೂ ಅಮೂಲ್ಯ. ಲೂಕಾ ಡೊನ್ಚಿಚ್ 18ರಲ್ಲೇ ಹಿರಿಯರ ಜೊತೆ ಆಡಿ 2017ರಲ್ಲಿ ಯುರೋಪಿನ ಚಿನ್ನ ಗೆದ್ದ. ಕೈಗೆ ಸಿಕ್ಕ ಹುಡುಗ ಸಿದ್ಧನಾಗಿದ್ದರೆ ವಯಸ್ಸಿನ ಗೋಡೆ ನೋಡದೆ ಮೇಲೆ ಕರೆದುಕೊಳ್ಳುವುದೂ ಒಂದು ಜಾಣತನ.

ಮುಂದಿನ ಸಲ ಕಿರಿಯರ ಪಂದ್ಯ ನೋಡುವಾಗ ಅಂಕಪಟ್ಟಿಯ ಜೊತೆ ನಿಮಿಷಗಳ ಕಾಲಮನ್ನೂ ನೋಡಿ. ಹನ್ನೆರಡು ಮಂದಿಯಲ್ಲಿ ಎಷ್ಟು ಜನಕ್ಕೆ ನಿಜವಾದ ಆಟ ಸಿಕ್ಕಿತು? 30 ಅಂಕ ಹಿಂದಿರುವಾಗಲೂ ತಂಡ ತನ್ನ ಆಟವನ್ನೇ ಆಡುತ್ತಿದೆಯೇ, ಒಬ್ಬೊಬ್ಬರೇ ನುಗ್ಗುತ್ತಿದ್ದಾರೆಯೇ? ಎತ್ತರದ ಹುಡುಗನಿಗೆ ಪಾಸ್ ಕೊಡಲು ಬಿಡುತ್ತಾರೆಯೇ, ಬುಟ್ಟಿಯ ಕೆಳಗೆ ನಿಲ್ಲಿಸಿಬಿಟ್ಟಿದ್ದಾರೆಯೇ? ಮತ್ತೆ ಬೆಂಚಿನ ಕಡೆ ಒಮ್ಮೆ ಕಣ್ಣು ಹಾಯಿಸಿ.

1999ರಲ್ಲಿ ಲಿಸ್ಬನ್‌ನಲ್ಲಿ ಗಸೋಲ್ ಬದಲಿ ಆಟಗಾರ. ಏಳು ವರ್ಷದ ನಂತರ, 2006ರಲ್ಲಿ, ಜಪಾನಿನ ಸೈತಾಮಾದಲ್ಲಿ ಹಿರಿಯರ ವಿಶ್ವ ಫೈನಲ್. ಆಗ ಅವರೇ ಟೂರ್ನಿಯ ಶ್ರೇಷ್ಠ ಆಟಗಾರ. ಆದರೆ ಸೆಮಿಫೈನಲ್‌ನಲ್ಲಿ ಕಾಲಿಗೆ ಪೆಟ್ಟಾಗಿ ಆ ದಿನವೂ ಬೆಂಚಿನ ಮೇಲೇ ಕೂತಿದ್ದರು. ಅಂಕಣದಲ್ಲಿ ನವಾರೊ, ಫೆಲಿಪೆ ರೆಯೆಸ್, ಕಾರ್ಲೋಸ್ ಕಬೆಸಾಸ್, ಬೆರ್ನಿ ರೊಡ್ರಿಗಸ್ ಇದ್ದರು. ಲಿಸ್ಬನ್‌ನಲ್ಲಿ ಜೊತೆಗಿದ್ದ ಅದೇ ಹುಡುಗರು. ತಮ್ಮ ಅತ್ಯುತ್ತಮ ಆಟಗಾರನಿಲ್ಲದೆ ಸ್ಪೇನ್ ಗ್ರೀಸನ್ನು 70–47ರಿಂದ ಸೋಲಿಸಿತು. ಆ ಹನ್ನೆರಡು ಮಂದಿಯಲ್ಲಿ ಇನ್ನೊಬ್ಬರಿದ್ದರು, ಆಲೆಕ್ಸ್ ಮುಂಬ್ರು. ಈಗ ಜರ್ಮನಿಯ ಕೋಚ್.